ಇಮೇಲ್ ಸ್ಪ್ಯಾಮ್

ಇಮೇಲ್ ಸ್ಪ್ಯಾಮ್ ಎಂದರೆ ಪಡೆಯುವವರ ಒಪ್ಪಿಗೆಯಿಲ್ಲದೆ, ಒಂದೇ ಬಗೆಯ ಸಂದೇಶವನ್ನು ಬಹುಸಂಖ್ಯೆಯ ವಿಳಾಸಗಳಿಗೆ ಸಗಟಾಗಿ ಕಳುಹಿಸುವ ಅನಪೇಕ್ಷಿತ ಮಿಂಚಂಚೆ. ಇದನ್ನು ಜಂಕ್ ಮೇಲ್ ಎಂದೂ ಕರೆಯಲಾಗುತ್ತದೆ. ಒಂದು ಸಂದೇಶವನ್ನು ಸ್ಪ್ಯಾಮ್ ಎನ್ನಲು ಸಾಮಾನ್ಯವಾಗಿ ಎರಡು ಲಕ್ಷಣಗಳು ಒಟ್ಟಿಗೆ ಇರಬೇಕು: ಅದು ಕೇಳದೆ ಬಂದದ್ದಾಗಿರಬೇಕು ಮತ್ತು ಸಗಟಾಗಿ ಕಳುಹಿಸಿದ್ದಾಗಿರಬೇಕು. ಅಪರಿಚಿತರೊಬ್ಬರು ಉದ್ಯೋಗ ಕೇಳಿ ಒಬ್ಬರಿಗೆ ಬರೆದ ಪತ್ರ ಅನಪೇಕ್ಷಿತವಾಗಿರಬಹುದು, ಆದರೆ ಸ್ಪ್ಯಾಮ್ ಅಲ್ಲ. ಓದುಗರೇ ನೋಂದಾಯಿಸಿಕೊಂಡ ಸುದ್ದಿಪತ್ರ ಲಕ್ಷ ಜನರಿಗೆ ಹೋದರೂ ಸ್ಪ್ಯಾಮ್ ಆಗುವುದಿಲ್ಲ.

ಸ್ಪ್ಯಾಮ್ ಸಂದೇಶಗಳಲ್ಲಿ ಕೆಲವು ಕೇವಲ ಜಾಹೀರಾತುಗಳು. ಅವುಗಳಿಂದ ಸಮಯ ವ್ಯರ್ಥವಾಗುತ್ತದೆ. ಇನ್ನು ಕೆಲವು ಬ್ಯಾಂಕ್ ಖಾತೆಯ ಹಣವನ್ನೋ ಪಾಸ್‌ವರ್ಡನ್ನೋ ಕದಿಯುವ ಉದ್ದೇಶದವು. ಆದುದರಿಂದ ಇವುಗಳನ್ನು ನಿರ್ವಹಿಸುವ ಕ್ರಮವೂ ವರದಿ ಮಾಡಬೇಕಾದ ಸ್ಥಳವೂ ಸಂದೇಶದ ಸ್ವರೂಪವನ್ನು ಅವಲಂಬಿಸಿವೆ. ಜಾಹೀರಾತಿನ ಸ್ಪ್ಯಾಮನ್ನು ಇಮೇಲ್ ಸೇವೆಯ ‘ಸ್ಪ್ಯಾಮ್’ ಗುಂಡಿಯ ಮೂಲಕ ತಿಳಿಸಿದರೆ ಸಾಕಾಗುತ್ತದೆ. ಹಣ ಕಳೆದುಕೊಂಡ ಪ್ರಕರಣದಲ್ಲಿ ಆ ಗುಂಡಿಯಿಂದ ಪ್ರಯೋಜನವಿಲ್ಲ. ಬ್ಯಾಂಕ್ ಮತ್ತು ಪೊಲೀಸರಿಗೆ ಕೂಡಲೇ ತಿಳಿಸಬೇಕಾಗುತ್ತದೆ.

## ಪದದ ಮೂಲ

‘ಸ್ಪ್ಯಾಮ್’ ಎಂಬುದು ಅಮೆರಿಕದ ಹಾರ್ಮೆಲ್ ಫುಡ್ಸ್ ಕಂಪನಿ 1937ರಲ್ಲಿ ಮಾರುಕಟ್ಟೆಗೆ ತಂದ ಡಬ್ಬಿಯ ಮಾಂಸದ ಹೆಸರು. ಬ್ರಿಟನ್ನಿನ ಮಾಂಟಿ ಪೈಥಾನ್ ತಂಡವು 1970ರಲ್ಲಿ ಪ್ರಸಾರ ಮಾಡಿದ ಒಂದು ಹಾಸ್ಯ ಪ್ರಸಂಗದಲ್ಲಿ ಹೋಟೆಲೊಂದರ ತಿಂಡಿಗಳ ಪಟ್ಟಿಯಲ್ಲೆಲ್ಲ ಇದೇ ಪದಾರ್ಥವಿರುತ್ತದೆ; ಆ ಪದವನ್ನು ಮತ್ತೆ ಮತ್ತೆ ಕೂಗುವ ಸದ್ದಿನಲ್ಲಿ ಉಳಿದವರ ಮಾತು ಕೇಳಿಸದಾಗುತ್ತದೆ. ಒಂದೇ ಸಂದೇಶವನ್ನು ಪದೇ ಪದೇ ತುಂಬಿ ಇತರರ ಸಂವಾದವನ್ನು ಮುಳುಗಿಸುವ ವರ್ತನೆಗೆ ಅಂತರಜಾಲದ ಆರಂಭಿಕ ಬಳಕೆದಾರರು ಈ ಪದವನ್ನು ಬಳಸತೊಡಗಿದರು. ಕಾಲಕ್ರಮೇಣ ಅದು ಅನಪೇಕ್ಷಿತ ಮಿಂಚಂಚೆಯ ಹೆಸರಾಗಿ ನೆಲೆಗೊಂಡಿತು.

## ಇತಿಹಾಸ

ಸ್ಪ್ಯಾಮ್‌ನ ಸಾಧ್ಯತೆಯನ್ನು ಅದು ವ್ಯಾಪಕವಾಗುವ ಮುನ್ನವೇ ಗುರುತಿಸಲಾಗಿತ್ತು. 1975ರ ನವೆಂಬರ್‌ನಲ್ಲಿ ಜಾನ್ ಪೋಸ್ಟೆಲ್ ಅವರು ಆರ್‌ಎಫ್‌ಸಿ 706 ಎಂಬ ತಾಂತ್ರಿಕ ಟಿಪ್ಪಣಿಯಲ್ಲಿ, ಬೇಡವಾದ ಸಂದೇಶಗಳನ್ನು ನಿರಾಕರಿಸುವ ಉಪಾಯ ಅವುಗಳನ್ನು ಪಡೆಯುವ ಕಂಪ್ಯೂಟರಿಗೆ ಇಲ್ಲವೆಂಬುದರತ್ತ ಗಮನ ಸೆಳೆದಿದ್ದರು.

1978ರ ಮೇ 3ರಂದು ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ ಸಂಸ್ಥೆಯ ಮಾರಾಟ ವಿಭಾಗದ ಗ್ಯಾರಿ ಥುಯರ್ಕ್ ಅವರು ಅರ್ಪಾನೆಟ್ ಜಾಲದ ಸುಮಾರು 400 ಬಳಕೆದಾರರಿಗೆ ತಮ್ಮ ಸಂಸ್ಥೆಯ ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಆಹ್ವಾನ ಕಳುಹಿಸಿದರು. ಇದನ್ನು ಮೊದಲ ಇಮೇಲ್ ಸ್ಪ್ಯಾಮ್ ಎಂದು ಪರಿಗಣಿಸಲಾಗುತ್ತದೆ. 1994ರ ಏಪ್ರಿಲ್‌ನಲ್ಲಿ ಅಮೆರಿಕದ ವಕೀಲ ದಂಪತಿಗಳಾದ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್ ಅವರು ಗ್ರೀನ್ ಕಾರ್ಡ್ ಲಾಟರಿಯ ಅರ್ಜಿ ಸೇವೆಯ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಚರ್ಚಾಗುಂಪುಗಳಲ್ಲಿ ಹಾಕಿದರು. ಅದು ಮಿಂಚಂಚೆಯಾಗಿರಲಿಲ್ಲವಾದರೂ, ಅಂತರಜಾಲದ ಮೂಲಕ ಸಗಟು ಜಾಹೀರಾತು ಹರಡುವುದನ್ನು ವ್ಯಾಪಾರವಾಗಿಸಿದ ಘಟನೆಯೆಂದು ಅದನ್ನು ಹೆಸರಿಸಲಾಗುತ್ತದೆ.

2000ರ ದಶಕದಲ್ಲಿ ಸ್ಪ್ಯಾಮ್ ಕಳುಹಿಸುವ ಕೆಲಸ ಬಾಟ್‌ನೆಟ್‌ಗಳಿಗೆ ವರ್ಗಾವಣೆಯಾಯಿತು. ಬಾಟ್‌ನೆಟ್ ಎಂದರೆ ಮಾಲೀಕರಿಗೆ ತಿಳಿಯದಂತೆ ಕುತಂತ್ರಾಂಶದ ಹಿಡಿತಕ್ಕೆ ಸಿಲುಕಿ, ದೂರದಿಂದ ಬರುವ ಆಜ್ಞೆಗಳನ್ನು ಪಾಲಿಸುವ ಕಂಪ್ಯೂಟರುಗಳ ಸಮೂಹ. 2008ರ ನವೆಂಬರ್‌ನಲ್ಲಿ, ಹಲವು ಬಾಟ್‌ನೆಟ್‌ಗಳ ನಿಯಂತ್ರಣ ಸರ್ವರ್‌ಗಳಿಗೆ ಆಶ್ರಯ ನೀಡಿದ್ದ ಕ್ಯಾಲಿಫೋರ್ನಿಯಾದ ಮೆಕೋಲೊ ಎಂಬ ಸಂಸ್ಥೆಯ ಅಂತರಜಾಲ ಸಂಪರ್ಕವನ್ನು ಕಡಿತಗೊಳಿಸಿದಾಗ, ಜಗತ್ತಿನ ಒಟ್ಟು ಸ್ಪ್ಯಾಮ್ ಪ್ರಮಾಣ ಕೆಲಕಾಲ ತೀವ್ರವಾಗಿ ಕುಸಿಯಿತು. 2011ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ನ್ಯಾಯಾಲಯದ ಆದೇಶ ಪಡೆದು ರಸ್ಟಾಕ್ ಎಂಬ ಬಾಟ್‌ನೆಟ್ಟನ್ನು ನಿಷ್ಕ್ರಿಯಗೊಳಿಸಿತು. ಅಸಂಖ್ಯ ಕಂಪ್ಯೂಟರುಗಳಿಂದ ಹೊರಡುವಂತೆ ಕಾಣುವ ಸ್ಪ್ಯಾಮ್‌ನ ಹಿಂದೆ ಕೆಲವೇ ಕೇಂದ್ರಗಳು ಇರಬಹುದೆಂಬುದನ್ನು ಈ ಎರಡೂ ಪ್ರಕರಣಗಳು ತೋರಿಸಿದವು.

## ಕಾರಣಗಳು

### ಆರ್ಥಿಕ ಕಾರಣ

ಕಾಗದದ ಅಂಚೆಯಲ್ಲಿ ಪ್ರತಿ ಲಕೋಟೆಗೂ ಕಳುಹಿಸುವವರು ಹಣ ತೆರಬೇಕು. ಮಿಂಚಂಚೆಯಲ್ಲಿ ಹತ್ತು ಸಂದೇಶಕ್ಕೂ ಹತ್ತು ಲಕ್ಷ ಸಂದೇಶಕ್ಕೂ ಕಳುಹಿಸುವವರ ವೆಚ್ಚದಲ್ಲಿ ಹೆಚ್ಚಿನ ಅಂತರವಿಲ್ಲ. ಸಂಗ್ರಹ, ಶೋಧನೆ ಮತ್ತು ಓದುವ ಸಮಯದ ಹೊರೆಯನ್ನು ಸೇವಾದಾತರೂ ಬಳಕೆದಾರರೂ ಹೊರುತ್ತಾರೆ. ಹಾಗಾಗಿ ಅತ್ಯಲ್ಪ ಜನ ಪ್ರತಿಕ್ರಿಯಿಸಿದರೂ ಸ್ಪ್ಯಾಮರ್‌ಗೆ ಲಾಭವಾಗಬಹುದು.

2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಮತ್ತು ಸ್ಯಾನ್ ಡಿಯಾಗೊ ಕೇಂದ್ರಗಳ ಸಂಶೋಧಕರು ಸ್ಟಾರ್ಮ್ ಎಂಬ ಬಾಟ್‌ನೆಟ್‌ನ ಒಂದು ಭಾಗವನ್ನು ಒಳಹೊಕ್ಕು ಅಧ್ಯಯನ ಮಾಡಿದರು. ಔಷಧ ಮಾರಾಟದ ಸುಮಾರು 35 ಕೋಟಿ ಸ್ಪ್ಯಾಮ್ ಸಂದೇಶಗಳು 26 ದಿನಗಳ ಅವಧಿಯಲ್ಲಿ ಹೊರಟವು. ಅವುಗಳಿಂದ ಖರೀದಿಯ ಹಂತ ತಲುಪಿದವರು 28 ಮಂದಿ ಮಾತ್ರ. ಒಂದು ಕೋಟಿಗೂ ಹೆಚ್ಚು ಸಂದೇಶಗಳಿಗೆ ಒಬ್ಬ ಗಿರಾಕಿ ಸಿಗುವ ಇಂತಹ ವ್ಯವಹಾರ ನಡೆಯುವುದು, ಕಳುಹಿಸುವ ವೆಚ್ಚ ನಗಣ್ಯವಾಗಿರುವುದರಿಂದಲೇ.

### ತಾಂತ್ರಿಕ ಕಾರಣ

ಮಿಂಚಂಚೆಯನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯು 1982ರಲ್ಲಿ ಪ್ರಕಟವಾಯಿತು. ಪರಸ್ಪರ ನಂಬಿಕೆಯಿದ್ದ ಸಂಸ್ಥೆಗಳ ಚಿಕ್ಕ ಜಾಲಕ್ಕೆಂದು ರೂಪಿಸಿದ ಈ ನಿಯಮಾವಳಿಯಲ್ಲಿ, ಕಳುಹಿಸಿದವರು ಯಾರೆಂದು ಪರಿಶೀಲಿಸುವ ವ್ಯವಸ್ಥೆ ಇರಲಿಲ್ಲ. ಅಂಚೆ ಲಕೋಟೆಯ ಹಿಂಬದಿಯಲ್ಲಿ ಯಾರ ವಿಳಾಸವನ್ನಾದರೂ ಬರೆಯಬಹುದಾದಂತೆ, ಮಿಂಚಂಚೆಯ ‘ಇಂದ’ ಎಂಬಲ್ಲಿಯೂ ಯಾರ ವಿಳಾಸವನ್ನಾದರೂ ನಮೂದಿಸಲು ಸಾಧ್ಯವಾಯಿತು. ಇದನ್ನು ಸ್ಪೂಫಿಂಗ್ ಎನ್ನುತ್ತಾರೆ. ಸ್ಪ್ಯಾಮ್‌ಗೆ ಮರುಪತ್ರ ಬರೆದು ಬೈಯುವುದು ನಿಷ್ಪ್ರಯೋಜಕವಾಗಲು ಇದೂ ಒಂದು ಕಾರಣ: ಆ ಉತ್ತರ ಹೋಗುವುದು ಹೆಸರು ದುರ್ಬಳಕೆಯಾದ ನಿರಪರಾಧಿಗೆ ಇರಬಹುದು.

### ವಿಳಾಸಗಳ ಸಂಗ್ರಹ

ಸ್ಪ್ಯಾಮರ್‌ಗಳು ಜಾಲತಾಣಗಳಲ್ಲಿ ಬಹಿರಂಗವಾಗಿರುವ ವಿಳಾಸಗಳನ್ನು ಸ್ವಯಂಚಾಲಿತ ತಂತ್ರಾಂಶಗಳಿಂದ ಹೆಕ್ಕುತ್ತಾರೆ. ಸಾಮಾನ್ಯ ಹೆಸರುಗಳನ್ನೂ ಅಂಕಿಗಳನ್ನೂ ಜೋಡಿಸಿ ವಿಳಾಸಗಳನ್ನು ಊಹಿಸುತ್ತಾರೆ. ಸಂಸ್ಥೆಗಳಿಂದ ಸೋರಿಕೆಯಾದ ಗ್ರಾಹಕರ ಪಟ್ಟಿಗಳನ್ನು ಕೊಳ್ಳುತ್ತಾರೆ. ಸೋಂಕಿತ ಕಂಪ್ಯೂಟರಿನ ವಿಳಾಸ ಪುಸ್ತಕವೂ ಒಂದು ಮೂಲ. ಹೀಗಾಗಿ ತನ್ನ ವಿಳಾಸವನ್ನು ಜಾಗರೂಕತೆಯಿಂದ ಕಾಪಾಡಿಕೊಂಡವರಿಗೂ ಪರಿಚಿತರೊಬ್ಬರ ಕಂಪ್ಯೂಟರಿನ ಮೂಲಕ ಸ್ಪ್ಯಾಮ್ ತಲುಪಬಹುದು.

## ವಿಧಗಳು

* ಜಾಹೀರಾತು ಸ್ಪ್ಯಾಮ್: ಔಷಧ, ಸಾಲ, ಜೂಜು, ನಕಲಿ ಸರಕು ಮೊದಲಾದವುಗಳ ಸಗಟು ಪ್ರಚಾರ.
* ಫಿಶಿಂಗ್: ಬ್ಯಾಂಕ್, ಆದಾಯ ತೆರಿಗೆ ಇಲಾಖೆ, ಕೊರಿಯರ್ ಸಂಸ್ಥೆ ಮುಂತಾದವುಗಳ ಹೆಸರಿನಲ್ಲಿ ಬರುವ ನಕಲಿ ಸಂದೇಶ. ಇದರ ಕೊಂಡಿಯು ಅಸಲಿಯಂತೆ ಕಾಣುವ ಪುಟಕ್ಕೆ ಕರೆದೊಯ್ದು ಪಾಸ್‌ವರ್ಡ್, ಕಾರ್ಡ್ ಸಂಖ್ಯೆ ಅಥವಾ ಒಟಿಪಿಯನ್ನು ಪಡೆದುಕೊಳ್ಳುತ್ತದೆ.
* ಮುಂಗಡ ಹಣದ ವಂಚನೆ: ಲಾಟರಿ ಬಂದಿದೆ, ಪಾಲಿನ ಆಸ್ತಿ ಇದೆ, ಉದ್ಯೋಗ ದೊರೆತಿದೆ ಎಂದು ನಂಬಿಸಿ, ಶುಲ್ಕದ ಹೆಸರಿನಲ್ಲಿ ಹಣ ಕೀಳುವುದು. ನೈಜೀರಿಯಾದ ದಂಡ ಸಂಹಿತೆಯ ವಂಚನೆಯ ಕಲಮಿನ ಸಂಖ್ಯೆಯಿಂದ ಇದಕ್ಕೆ ‘419 ವಂಚನೆ’ ಎಂಬ ಹೆಸರೂ ಬಂದಿದೆ.
* ಕುತಂತ್ರಾಂಶದ ಸ್ಪ್ಯಾಮ್: ಬಿಲ್ಲು, ನೋಟಿಸು, ಸ್ವವಿವರಗಳ ರೂಪದಲ್ಲಿ ಲಗತ್ತಿಸಿದ ಕಡತದಲ್ಲಿ ವೈರಸ್ ಅಥವಾ ರ‍್ಯಾನ್ಸಮ್‌ವೇರ್ ಇರುತ್ತದೆ.
* ಬೆದರಿಕೆಯ ಸ್ಪ್ಯಾಮ್: ಕಂಪ್ಯೂಟರಿನ ಕ್ಯಾಮೆರಾದಿಂದ ಖಾಸಗಿ ದೃಶ್ಯ ಸೆರೆಹಿಡಿದಿರುವುದಾಗಿ ಹೇಳಿ ಬಿಟ್‌ಕಾಯಿನ್ ರೂಪದಲ್ಲಿ ಹಣ ಕೇಳುವುದು. ನಂಬಿಕೆ ಹುಟ್ಟಿಸಲು ಪಡೆದವರ ಹಳೆಯ ಪಾಸ್‌ವರ್ಡ್ ಒಂದನ್ನು ನಮೂದಿಸಿರುವುದುಂಟು. ಅದು ಹಿಂದೆಂದೋ ಸೋರಿಕೆಯಾದ ಪಟ್ಟಿಯಿಂದ ದೊರೆತದ್ದಾಗಿರಬಹುದು. ಅದನ್ನು ಕಂಡ ಮಾತ್ರಕ್ಕೆ ದೃಶ್ಯ ಇದೆಯೆಂದು ಸಾಬೀತಾಗುವುದಿಲ್ಲ.
* ವ್ಯವಹಾರದ ಮಿಂಚಂಚೆ ವಂಚನೆ: ಮೇಲಧಿಕಾರಿ ಅಥವಾ ಸರಕು ಪೂರೈಕೆದಾರರ ಸೋಗಿನಲ್ಲಿ ‘ಬ್ಯಾಂಕ್ ಖಾತೆ ಬದಲಾಗಿದೆ, ಹಣವನ್ನು ಇಲ್ಲಿಗೆ ಕಳುಹಿಸಿ’ ಎಂದು ಬರೆಯುವುದು. ಇದು ಸಗಟಾಗಿ ಬರದೆ ಒಂದೇ ಸಂಸ್ಥೆಯನ್ನು ಗುರಿಯಾಗಿಸಿಕೊಳ್ಳುವುದರಿಂದ ಫಿಲ್ಟರ್‌ಗಳಿಗೆ ಸುಲಭವಾಗಿ ಸಿಗುವುದಿಲ್ಲ.

## ಗುರುತಿಸುವಿಕೆ

ಒಂದು ಕಾಲದಲ್ಲಿ ಕಾಗುಣಿತ ಮತ್ತು ವ್ಯಾಕರಣದ ತಪ್ಪುಗಳು ವಂಚನೆಯ ಸಂದೇಶದ ಮುಖ್ಯ ಕುರುಹುಗಳಾಗಿದ್ದವು. ಯಂತ್ರಾನುವಾದ ಮತ್ತು ಕೃತಕ ಬುದ್ಧಿಮತ್ತೆಯ ಸಾಧನಗಳು ಬಳಕೆಗೆ ಬಂದ ಮೇಲೆ ಈ ಕುರುಹನ್ನು ಮಾತ್ರ ನಂಬುವಂತಿಲ್ಲ. ಹೆಚ್ಚು ಭರವಸೆಯ ಕುರುಹುಗಳು ಇಂತಿವೆ:

* ‘24 ಗಂಟೆಗಳಲ್ಲಿ ಖಾತೆ ಸ್ಥಗಿತವಾಗುತ್ತದೆ’ ಎಂಬಂತಹ ಆತುರ ಅಥವಾ ಭಯ ಹುಟ್ಟಿಸುವ ಮಾತು.
* ಪಾಸ್‌ವರ್ಡ್, ಪಿನ್, ಒಟಿಪಿ ಅಥವಾ ಕಾರ್ಡಿನ ಸಿವಿವಿ ಸಂಖ್ಯೆಯ ಬೇಡಿಕೆ.
* ಕಾಣಿಸುವ ಹೆಸರು ಒಂದು, ನಿಜವಾದ ವಿಳಾಸ ಇನ್ನೊಂದು ಆಗಿರುವುದು. ಮೊಬೈಲ್ ಪರದೆಯಲ್ಲಿ ಹೆಸರು ಮಾತ್ರ ಕಾಣುವುದರಿಂದ ಅದನ್ನು ಒತ್ತಿ ಪೂರ್ಣ ವಿಳಾಸವನ್ನು ನೋಡಬೇಕಾಗುತ್ತದೆ.
* ಅಸಲಿಯನ್ನು ಹೋಲುವ ಡೊಮೈನ್ ಹೆಸರು. ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಸಣ್ಣಕ್ಷರಗಳು ಅಕ್ಕಪಕ್ಕ ಬಂದಾಗ ‘ಎಂ’ ಅಕ್ಷರದಂತೆ ಕಾಣುತ್ತವೆ. ‘ಒ’ ಅಕ್ಷರದ ಜಾಗದಲ್ಲಿ ಸೊನ್ನೆಯನ್ನು ಇಡುವುದೂ ಉಂಟು.
* ಡೊಮೈನ್ ಹೆಸರಿನ ಆರಂಭದಲ್ಲಿ ಬ್ಯಾಂಕಿನ ಹೆಸರಿದ್ದು, ಕೊನೆಯ ಭಾಗ ಬೇರೆಯದೇ ಆಗಿರುವುದು. ಜಾಲತಾಣದ ಒಡೆತನವನ್ನು ಸೂಚಿಸುವುದು ಮೊದಲ ಓರೆಗೆರೆಗಿಂತ ಹಿಂದಿನ ಕೊನೆಯ ಭಾಗ.

## ಶೋಧನೆ ಮತ್ತು ದೃಢೀಕರಣ

ಬಳಕೆದಾರರ ಕಣ್ಣಿಗೆ ಬೀಳುವ ಮುನ್ನವೇ ಸ್ಪ್ಯಾಮನ್ನು ತಡೆಯುವ ಪ್ರಯತ್ನಗಳು 1990ರ ದಶಕದಿಂದ ನಡೆದಿವೆ. ಪಾಲ್ ವಿಕ್ಸಿ ಮತ್ತು ಸಂಗಡಿಗರು 1997ರ ಸುಮಾರಿಗೆ ಸ್ಪ್ಯಾಮ್ ಕಳುಹಿಸುವ ಐಪಿ ವಿಳಾಸಗಳ ತಡೆಪಟ್ಟಿಯನ್ನು ಬಳಕೆಗೆ ತಂದರು. 1998ರಲ್ಲಿ ಸ್ಪ್ಯಾಮ್‌ಹೌಸ್ ಮತ್ತು ಸ್ಪ್ಯಾಮ್‌ಕಾಪ್ ಆರಂಭವಾದವು. ಮೊದಲನೆಯದು ತಡೆಪಟ್ಟಿಗಳನ್ನು ನಿರ್ವಹಿಸುತ್ತದೆ. ಎರಡನೆಯದು ಬಳಕೆದಾರರು ಒಪ್ಪಿಸಿದ ಸಂದೇಶವನ್ನು ವಿಶ್ಲೇಷಿಸಿ ಸಂಬಂಧಪಟ್ಟ ಜಾಲ ಸಂಸ್ಥೆಗೆ ದೂರು ಕಳುಹಿಸುತ್ತದೆ.

2002ರಲ್ಲಿ ಪಾಲ್ ಗ್ರಹಾಂ ಅವರು ಬರೆದ ಪ್ರಬಂಧವೊಂದು ಬೇಸಿಯನ್ ಶೋಧನೆಯನ್ನು ಜನಪ್ರಿಯಗೊಳಿಸಿತು. ಈ ವಿಧಾನದಲ್ಲಿ, ಸ್ಪ್ಯಾಮ್ ಎಂದು ಗುರುತಿಸಿದ ಸಂದೇಶಗಳಲ್ಲಿಯೂ ಒಳ್ಳೆಯ ಸಂದೇಶಗಳಲ್ಲಿಯೂ ಪ್ರತಿಯೊಂದು ಪದ ಎಷ್ಟು ಬಾರಿ ಬರುತ್ತದೆ ಎಂಬುದನ್ನು ಲೆಕ್ಕಹಾಕಿ, ಹೊಸ ಸಂದೇಶವು ಸ್ಪ್ಯಾಮ್ ಆಗಿರುವ ಸಂಭವನೀಯತೆಯನ್ನು ಕಂಡುಕೊಳ್ಳಲಾಗುತ್ತದೆ. ಇಂದಿನ ಸೇವಾದಾತರು ಇದಕ್ಕಿಂತ ಸಂಕೀರ್ಣವಾದ ಯಂತ್ರಕಲಿಕೆಯ ವಿಧಾನಗಳನ್ನು ಬಳಸಿದರೂ ಮೂಲತತ್ವ ಒಂದೇ: ಬಳಕೆದಾರರ ಗುರುತುಗಳಿಂದ ಫಿಲ್ಟರ್ ಕಲಿಯುತ್ತದೆ.

ಹೆಸರಿನ ದುರ್ಬಳಕೆಯನ್ನು ತಡೆಯಲು ಮೂರು ದೃಢೀಕರಣ ವಿಧಾನಗಳು ಬಳಕೆಯಲ್ಲಿವೆ:

* ಎಸ್‌ಪಿಎಫ್: ಒಂದು ಡೊಮೈನ್ ಹೆಸರಿನಲ್ಲಿ ಮಿಂಚಂಚೆ ಕಳುಹಿಸಲು ಯಾವ ಸರ್ವರ್‌ಗಳಿಗೆ ಅನುಮತಿಯಿದೆ ಎಂಬ ಪಟ್ಟಿಯನ್ನು ಡೊಮೈನ್ ಮಾಲೀಕರು ಪ್ರಕಟಿಸುವುದು.
* ಡಿಕಿಮ್: ಸಂದೇಶಕ್ಕೆ ಡಿಜಿಟಲ್ ಸಹಿ ಸೇರಿಸುವುದು. ಸಹಿ ಮಾಡಿದ ಭಾಗವು ದಾರಿಯಲ್ಲಿ ಬದಲಾದರೆ ಸಹಿ ತಾಳೆಯಾಗುವುದಿಲ್ಲ.
* ಡಿಮಾರ್ಕ್: ಮೇಲಿನ ಪರೀಕ್ಷೆಗಳ ಫಲಿತಾಂಶವನ್ನು ‘ಇಂದ’ ವಿಳಾಸದ ಡೊಮೈನ್‌ಗೆ ಹೋಲಿಸಿ, ತಾಳೆಯಾಗದ ಸಂದೇಶವನ್ನು ಏನು ಮಾಡಬೇಕೆಂದು ಡೊಮೈನ್ ಮಾಲೀಕರು ತಿಳಿಸುವುದು.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಸೇವೆಗಳು ಸಗಟು ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯಗೊಳಿಸಿದವು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000 ಅಥವಾ ಹೆಚ್ಚಿನ ಸಂದೇಶ ಕಳುಹಿಸುವವರು ಪ್ರಚಾರ ಸಂದೇಶಗಳಲ್ಲಿ ಒಂದೇ ಒತ್ತಿನ ‘ಅನ್‌ಸಬ್‌ಸ್ಕ್ರೈಬ್’ ಸೌಲಭ್ಯ ಕೊಡಬೇಕು ಮತ್ತು ಬಳಕೆದಾರರ ಸ್ಪ್ಯಾಮ್ ದೂರಿನ ಪ್ರಮಾಣ ಶೇಕಡಾ 0.3ನ್ನು ತಲುಪದಂತೆ ನೋಡಿಕೊಳ್ಳಬೇಕು. ಸಾವಿರಕ್ಕೆ ಮೂರು ದೂರುಗಳು ಬಂದರೂ ಕಳುಹಿಸುವವರಿಗೆ ತೊಂದರೆಯಾಗಬಹುದಾದ್ದರಿಂದ, ಬಿಡಿ ಬಳಕೆದಾರರ ವರದಿಗೂ ತೂಕವಿದೆ.

ದೃಢೀಕರಣದಲ್ಲಿ ತೇರ್ಗಡೆಯಾದ ಸಂದೇಶವೆಲ್ಲ ಪ್ರಾಮಾಣಿಕವೆಂದು ಹೇಳಲಾಗದು. ವಂಚಕರು ತಾವೇ ನೋಂದಾಯಿಸಿದ ಡೊಮೈನ್‌ಗೂ ಈ ಮೂರು ವ್ಯವಸ್ಥೆಗಳನ್ನು ಅಳವಡಿಸಬಹುದು. ಸಂದೇಶವು ತಾನು ಹೇಳಿಕೊಳ್ಳುವ ಡೊಮೈನ್‌ನಿಂದ ಬಂದಿದೆ ಎಂಬುದನ್ನಷ್ಟೇ ದೃಢೀಕರಣ ತಿಳಿಸುತ್ತದೆ.

## ಬಳಕೆದಾರರ ಕ್ರಮಗಳು

### ಸಂದೇಶ ಬಂದಾಗ

ಅನುಮಾನಾಸ್ಪದ ಸಂದೇಶಕ್ಕೆ ಉತ್ತರಿಸುವುದು, ಅದರ ಕೊಂಡಿಯನ್ನು ಒತ್ತುವುದು, ಲಗತ್ತನ್ನು ತೆರೆಯುವುದು ಸೂಕ್ತವಲ್ಲ. ಉತ್ತರಿಸಿದರೆ ಆ ವಿಳಾಸ ಬಳಕೆಯಲ್ಲಿದೆಯೆಂದು ಕಳುಹಿಸಿದವರಿಗೆ ಖಚಿತವಾಗುತ್ತದೆ. ಸಂದೇಶದೊಳಗಿನ ಚಿತ್ರಗಳೂ ಇದೇ ಕೆಲಸ ಮಾಡಬಲ್ಲವು: ಚಿತ್ರವು ಕಳುಹಿಸಿದವರ ಸರ್ವರ್‌ನಿಂದ ಇಳಿದಾಗ ಸಂದೇಶ ತೆರೆದ ಸಮಯ ಅಲ್ಲಿ ದಾಖಲಾಗುತ್ತದೆ. ಚಿತ್ರಗಳು ತಾನಾಗಿ ತೆರೆಯದಂತೆ ಮಾಡುವ ಆಯ್ಕೆ ಬಹುತೇಕ ಸೇವೆಗಳಲ್ಲಿದೆ.

ಬ್ಯಾಂಕ್ ಅಥವಾ ಇಲಾಖೆಯ ಹೆಸರಿನ ಸಂದೇಶ ನಿಜವೇ ಎಂದು ತಿಳಿಯಬೇಕಾದರೆ, ಸಂದೇಶದಲ್ಲಿರುವ ದೂರವಾಣಿ ಸಂಖ್ಯೆಯನ್ನು ಬಿಟ್ಟು, ಪಾಸ್‌ಬುಕ್ಕಿನಲ್ಲಿ ಅಥವಾ ಕಾರ್ಡಿನ ಹಿಂಬದಿಯಲ್ಲಿ ಮುದ್ರಿತವಾದ ಸಂಖ್ಯೆಗೆ ಕರೆ ಮಾಡಿ ವಿಚಾರಿಸಲಾಗುತ್ತದೆ. ಪೂರೈಕೆದಾರರ ಖಾತೆ ಬದಲಾಗಿದೆಯೆಂಬ ಸಂದೇಶ ಬಂದಾಗಲೂ ಮೊದಲಿನಿಂದ ಬಳಕೆಯಲ್ಲಿರುವ ಸಂಖ್ಯೆಯ ಮೂಲಕವೇ ಖಚಿತಪಡಿಸಿಕೊಳ್ಳಬೇಕು.

### ಅನ್‌ಸಬ್‌ಸ್ಕ್ರೈಬ್ ಮತ್ತು ಸ್ಪ್ಯಾಮ್ ಗುಂಡಿ

ಪರಿಚಿತ ಅಂಗಡಿ, ಪತ್ರಿಕೆ ಅಥವಾ ಸಂಸ್ಥೆಯ ಸುದ್ದಿಪತ್ರ ಬೇಡವಾದರೆ ಅನ್‌ಸಬ್‌ಸ್ಕ್ರೈಬ್ ಮಾಡುವುದು ಸರಿಯಾದ ಕ್ರಮ. ತಾವೇ ಕೇಳಿ ಪಡೆದ ಸಂದೇಶವನ್ನು ಸ್ಪ್ಯಾಮ್ ಎಂದು ಗುರುತಿಸಿದರೆ, ಅದೇ ಸಂಸ್ಥೆಯ ರಸೀದಿ ಮತ್ತು ಸೂಚನೆಗಳು ಇತರ ಗ್ರಾಹಕರಿಗೆ ತಲುಪದೆ ಹೋಗಲು ಕಾರಣವಾಗಬಹುದು. ಅಪರಿಚಿತ ಮೂಲದ ಸ್ಪ್ಯಾಮ್‌ನಲ್ಲಿರುವ ಅನ್‌ಸಬ್‌ಸ್ಕ್ರೈಬ್ ಕೊಂಡಿಯಾದರೋ ವಿಳಾಸವನ್ನು ಖಚಿತಪಡಿಸಿಕೊಳ್ಳುವ ಉಪಾಯವೋ ಫಿಶಿಂಗ್ ಪುಟವೋ ಆಗಿರಬಹುದು. ಅಲ್ಲಿ ಸ್ಪ್ಯಾಮ್ ಗುಂಡಿಯೇ ಸುರಕ್ಷಿತ.

ಕಳುಹಿಸಿದವರನ್ನು ‘ಬ್ಲಾಕ್’ ಮಾಡುವುದರಿಂದ ಸಿಗುವ ಫಲ ಸೀಮಿತ. ಸ್ಪ್ಯಾಮರ್‌ಗಳು ಪ್ರತಿ ಬಾರಿಯೂ ಹೊಸ ವಿಳಾಸ ಬಳಸುವುದರಿಂದ, ಒಂದೇ ವಿಳಾಸದಿಂದ ಪದೇ ಪದೇ ಬರೆಯುವವರ ವಿಷಯದಲ್ಲಷ್ಟೇ ಇದು ಉಪಯುಕ್ತ.

### ಸ್ಪ್ಯಾಮ್ ಕಡತಕೋಶದ ಪರಿಶೀಲನೆ

ಫಿಲ್ಟರ್‌ಗಳು ಒಳ್ಳೆಯ ಸಂದೇಶವನ್ನೂ ಸ್ಪ್ಯಾಮ್ ಎಂದು ತಿಳಿದು ಬದಿಗೆ ಸರಿಸುವುದುಂಟು. ಸಂದರ್ಶನದ ಕರೆ, ಪ್ರವೇಶಾತಿಯ ಸೂಚನೆ, ಪರೀಕ್ಷೆಯ ಪ್ರವೇಶಪತ್ರ ಇಂತಹವು ಈ ರೀತಿ ಕಣ್ತಪ್ಪಿದರೆ ಆಗುವ ನಷ್ಟ, ಹತ್ತು ಸ್ಪ್ಯಾಮ್ ಸಂದೇಶಗಳನ್ನು ಅಳಿಸುವ ಶ್ರಮಕ್ಕಿಂತ ದೊಡ್ಡದು. ಜಿಮೇಲ್‌ನಲ್ಲಿ ಸ್ಪ್ಯಾಮ್ ಕೋಶದ ಸಂದೇಶಗಳು 30 ದಿನಗಳ ನಂತರ ತಾನಾಗಿ ಅಳಿದುಹೋಗುತ್ತವೆ. ತಪ್ಪಾಗಿ ಸೇರಿದ ಸಂದೇಶವನ್ನು ‘ಸ್ಪ್ಯಾಮ್ ಅಲ್ಲ’ ಎಂದು ಗುರುತಿಸಿದರೆ ಫಿಲ್ಟರ್ ತನ್ನ ನಿರ್ಣಯವನ್ನು ತಿದ್ದಿಕೊಳ್ಳಲು ನೆರವಾಗುತ್ತದೆ.

### ಮುನ್ನೆಚ್ಚರಿಕೆಗಳು

ಬ್ಯಾಂಕ್ ಮತ್ತು ಸರ್ಕಾರಿ ಸೇವೆಗಳಿಗೆ ಒಂದು ವಿಳಾಸ, ಅಂಗಡಿ ಹಾಗೂ ಸ್ಪರ್ಧೆಗಳ ನೋಂದಣಿಗೆ ಮತ್ತೊಂದು ವಿಳಾಸ ಇಟ್ಟುಕೊಳ್ಳುವುದು ರೂಢಿಯಲ್ಲಿರುವ ಉಪಾಯ. ಜಿಮೇಲ್‌ನಲ್ಲಿ ಬಳಕೆದಾರರ ಹೆಸರಿನ ಮುಂದೆ ಕೂಡುವ ಚಿಹ್ನೆ ಮತ್ತು ಒಂದು ಪದ ಸೇರಿಸಿದರೂ ಸಂದೇಶ ಅದೇ ಖಾತೆಗೆ ಬರುತ್ತದೆ. ಪ್ರತಿ ಜಾಲತಾಣಕ್ಕೆ ಬೇರೆ ಬೇರೆ ಪದ ಕೊಟ್ಟರೆ ವಿಳಾಸ ಎಲ್ಲಿಂದ ಸೋರಿತೆಂದು ತಿಳಿಯಲು ಅನುಕೂಲ. ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಮತ್ತು ಎರಡು ಹಂತದ ದೃಢೀಕರಣ ಇದ್ದರೆ ಒಂದು ಸೋರಿಕೆಯಿಂದ ಉಳಿದ ಖಾತೆಗಳಿಗೆ ಆಗಬಹುದಾದ ಅಪಾಯ ಕಡಿಮೆಯಾಗುತ್ತದೆ.

## ಶಿರೋಲೇಖದ ಓದು

ಪ್ರತಿ ಮಿಂಚಂಚೆಯ ಜೊತೆಗೆ ಸಾಮಾನ್ಯವಾಗಿ ಕಾಣದ ಹೆಡರ್ ಅಥವಾ ಶಿರೋಲೇಖ ಇರುತ್ತದೆ. ಜಿಮೇಲ್‌ನಲ್ಲಿ ಇದನ್ನು ‘ಶೋ ಒರಿಜಿನಲ್’ ಎಂಬ ಆಯ್ಕೆಯಿಂದ ನೋಡಬಹುದು. ಸಂದೇಶವು ಹಾದುಬಂದ ಪ್ರತಿಯೊಂದು ಸರ್ವರ್ ತನ್ನದೊಂದು ‘ರಿಸೀವ್ಡ್’ ಸಾಲನ್ನು ಮೇಲ್ಭಾಗದಲ್ಲಿ ಸೇರಿಸುತ್ತದೆ. ಹೀಗಾಗಿ ಸಂದೇಶದ ಪ್ರಯಾಣವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಈ ಸಾಲುಗಳಲ್ಲಿ ಎಲ್ಲವೂ ವಿಶ್ವಾಸಾರ್ಹವಲ್ಲ. ಪಡೆದವರ ಸ್ವಂತ ಸೇವಾದಾತರು ಸೇರಿಸಿದ ಮೇಲಿನ ಸಾಲುಗಳನ್ನು ನಂಬಬಹುದು. ಅದಕ್ಕಿಂತ ಕೆಳಗಿನವುಗಳನ್ನು ಸ್ಪ್ಯಾಮರ್ ತಾನೇ ಬರೆದಿರಲು ಸಾಧ್ಯ. ಸೇವಾದಾತರ ಸರ್ವರ್‌ಗೆ ಸಂದೇಶವನ್ನು ಒಪ್ಪಿಸಿದ ಐಪಿ ವಿಳಾಸವೇ ದೂರಿಗೆ ಮುಖ್ಯ ಆಧಾರ. ‘ಅಥೆಂಟಿಕೇಷನ್ ರಿಸಲ್ಟ್ಸ್’ ಎಂಬ ಸಾಲಿನಲ್ಲಿ ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್ ಪರೀಕ್ಷೆಗಳ ಫಲಿತಾಂಶ ಇರುತ್ತದೆ.

ಸಂದೇಶವನ್ನು ಸಾಮಾನ್ಯ ರೀತಿಯಲ್ಲಿ ಫಾರ್ವರ್ಡ್ ಮಾಡಿದರೆ ಮೂಲ ಶಿರೋಲೇಖ ಉಳಿಯುವುದಿಲ್ಲ. ಆದುದರಿಂದ ವರದಿಗಾಗಿ ಅದನ್ನು ಲಗತ್ತಾಗಿ ಕಳುಹಿಸಬೇಕು ಅಥವಾ ಮೂಲ ಸಂದೇಶವನ್ನು ಕಡತವಾಗಿ ಇಳಿಸಿಕೊಂಡು ಸೇರಿಸಬೇಕು.

## ವರದಿ ಮಾಡುವ ಸ್ಥಳಗಳು

### ಸೇವಾದಾತರು ಮತ್ತು ಜಾಲ ಸಂಸ್ಥೆಗಳು

ಇಮೇಲ್ ಸೇವೆಗಳಲ್ಲಿ ‘ಸ್ಪ್ಯಾಮ್’ ಮತ್ತು ‘ಫಿಶಿಂಗ್’ ಎಂಬ ಎರಡು ಪ್ರತ್ಯೇಕ ವರದಿ ಆಯ್ಕೆಗಳು ಇರುವುದುಂಟು. ವಂಚನೆಯ ಸಂದೇಶವನ್ನು ಎರಡನೆಯದರಲ್ಲಿ ತಿಳಿಸುವುದು ಸೂಕ್ತ. ಸ್ಪ್ಯಾಮ್ ಹೊರಟ ಜಾಲದ ಸಂಸ್ಥೆಗೂ ದೂರು ನೀಡಬಹುದು. ಡೊಮೈನ್ ಹೆಸರಿನ ಹಿಂದೆ ‘ಅಬ್ಯೂಸ್’ ಎಂಬ ಪದವಿರುವ ವಿಳಾಸವನ್ನು ಇಂತಹ ದೂರುಗಳಿಗಾಗಿ ಇಟ್ಟಿರಬೇಕೆಂಬ ರೂಢಿಯನ್ನು 1997ರ ಆರ್‌ಎಫ್‌ಸಿ 2142 ದಾಖಲಿಸಿದೆ. ಐಪಿ ವಿಳಾಸ ಯಾವ ಸಂಸ್ಥೆಗೆ ಸೇರಿದ್ದೆಂಬುದು ‘ಹೂಇಸ್’ ಎಂಬ ಸಾರ್ವಜನಿಕ ದಾಖಲೆಯಲ್ಲಿ ದೊರೆಯುತ್ತದೆ. ಯಾವುದಾದರೂ ಬ್ಯಾಂಕಿನ ಹೆಸರು ದುರ್ಬಳಕೆಯಾಗಿದ್ದರೆ, ಆ ಬ್ಯಾಂಕಿನ ಅಧಿಕೃತ ಜಾಲತಾಣದಲ್ಲಿ ಕೊಟ್ಟಿರುವ ವಿಳಾಸಕ್ಕೆ ತಿಳಿಸಿದಲ್ಲಿ ನಕಲಿ ಪುಟವನ್ನು ತೆಗೆಸಲು ನೆರವಾಗುತ್ತದೆ.

### ಭಾರತದಲ್ಲಿ

* ಸರ್ಟ್-ಇನ್: 2004ರಲ್ಲಿ ಕಾರ್ಯಾರಂಭ ಮಾಡಿದ ಈ ಸಂಸ್ಥೆ ಕಂಪ್ಯೂಟರ್ ಭದ್ರತೆಯ ಘಟನೆಗಳನ್ನು ನಿರ್ವಹಿಸುವ ರಾಷ್ಟ್ರೀಯ ಸಂಸ್ಥೆ. ಫಿಶಿಂಗ್ ಸಂದೇಶ ಮತ್ತು ನಕಲಿ ಜಾಲತಾಣಗಳ ಬಗ್ಗೆ ಯಾರು ಬೇಕಾದರೂ ಇದಕ್ಕೆ ತಿಳಿಸಬಹುದು. ಇದರ 2022ರ ಏಪ್ರಿಲ್ 28ರ ನಿರ್ದೇಶನದಂತೆ, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮಗೆ ತಿಳಿದುಬಂದ ಫಿಶಿಂಗ್ ದಾಳಿಯಂತಹ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು.
* ಸೈಬರ್ ಸ್ವಚ್ಛತಾ ಕೇಂದ್ರ: 2017ರ ಫೆಬ್ರವರಿಯಲ್ಲಿ ಆರಂಭವಾದ ಈ ಕೇಂದ್ರವು ಬಾಟ್‌ನೆಟ್ ಸೋಂಕು ತೆಗೆಯುವ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ.
* ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್: ಕೇಂದ್ರ ಗೃಹ ಸಚಿವಾಲಯದ ಅಧೀನದ ಪೋರ್ಟಲ್. ಇದಕ್ಕೆ ಸಲ್ಲಿಸಿದ ದೂರು ಸಂಬಂಧಪಟ್ಟ ರಾಜ್ಯದ ಪೊಲೀಸರಿಗೆ ರವಾನೆಯಾಗುತ್ತದೆ.
* ಸಹಾಯವಾಣಿ 1930: ಹಣಕಾಸಿನ ಸೈಬರ್ ವಂಚನೆಗೆ ಮೀಸಲಾದ ಸಂಖ್ಯೆ.
* ಸೈಬರ್ ಪೊಲೀಸ್ ಠಾಣೆಗಳು: ಬೆಂಗಳೂರಿನಲ್ಲಿ 2001ರಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆ ಸ್ಥಾಪನೆಯಾಯಿತು. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ‘ಸೆನ್’ ಠಾಣೆಗಳಿವೆ.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ‘ಡಿಎನ್‌ಡಿ’ ನೋಂದಣಿಯು ಪ್ರಚಾರದ ಕರೆ ಮತ್ತು ಎಸ್‌ಎಂಎಸ್‌ಗಳಿಗೆ ಸಂಬಂಧಿಸಿದೆ. ಮಿಂಚಂಚೆ ಅದರ ವ್ಯಾಪ್ತಿಗೆ ಬರುವುದಿಲ್ಲ.

### ಹಣ ಕಳೆದುಕೊಂಡಾಗ

ಫಿಶಿಂಗ್‌ಗೆ ಸಿಲುಕಿ ಹಣ ಹೋಗಿದ್ದರೆ ವರದಿಯ ವೇಗವೇ ನಿರ್ಣಾಯಕ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗನೆ ಸಾಗಿಸಿ ಕೊನೆಗೆ ನಗದಾಗಿಸುತ್ತಾರೆ. 1930ಕ್ಕೆ ಬಂದ ದೂರು ಸಂಬಂಧಪಟ್ಟ ಬ್ಯಾಂಕುಗಳಿಗೆ ರವಾನೆಯಾಗಿ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ಅದನ್ನು ತಡೆಹಿಡಿಯಲು ಅವಕಾಶವಾಗುತ್ತದೆ.

ಅದರೊಂದಿಗೆ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ಭಾರತೀಯ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದ ಅನಧಿಕೃತ ವಹಿವಾಟನ್ನು, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ. ಗ್ರಾಹಕರು ತಾವೇ ಒಟಿಪಿ ಅಥವಾ ಪಾಸ್‌ವರ್ಡ್ ಹಂಚಿಕೊಂಡಂತಹ ನಿರ್ಲಕ್ಷ್ಯದ ಪ್ರಕರಣದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ತಿಳಿಸಿದ ನಂತರದ ನಷ್ಟ ಬ್ಯಾಂಕಿನದು. ಆದುದರಿಂದ ನಾಚಿಕೆಯಿಂದಲೋ ಅಂಜಿಕೆಯಿಂದಲೋ ದೂರನ್ನು ಮುಂದೂಡಿದರೆ ನಷ್ಟ ಹೆಚ್ಚುತ್ತದೆ.

ಪಾಸ್‌ವರ್ಡ್ ಮಾತ್ರ ಕೊಟ್ಟಿದ್ದಲ್ಲಿ ಅದನ್ನು ಕೂಡಲೇ ಬದಲಿಸಿ, ಬೇರೆ ಸಾಧನಗಳಲ್ಲಿ ತೆರೆದಿರುವ ಖಾತೆಯನ್ನು ಮುಚ್ಚಿ, ಮಿಂಚಂಚೆಯನ್ನು ಇತರ ವಿಳಾಸಕ್ಕೆ ತಿರುಗಿಸುವ ನಿಯಮವೇನಾದರೂ ಸೇರಿದೆಯೇ ಎಂದು ನೋಡಬೇಕು. ಮೂಲ ಸಂದೇಶವನ್ನು ಅಳಿಸದೆ ಉಳಿಸಿಕೊಳ್ಳುವುದು ಮುಖ್ಯ. ಪರದೆಯ ಚಿತ್ರದಲ್ಲಿ ಶಿರೋಲೇಖ ಇರುವುದಿಲ್ಲವಾದ್ದರಿಂದ ತನಿಖೆಗೆ ಮೂಲ ಸಂದೇಶವೇ ಹೆಚ್ಚು ಉಪಯುಕ್ತ.

## ಕಾನೂನು

ಅಮೆರಿಕದಲ್ಲಿ 2004ರ ಜನವರಿ 1ರಂದು ಜಾರಿಗೆ ಬಂದ ಕ್ಯಾನ್-ಸ್ಪ್ಯಾಮ್ ಕಾಯ್ದೆಯು ವಾಣಿಜ್ಯ ಮಿಂಚಂಚೆಯನ್ನು ನಿಷೇಧಿಸುವುದಿಲ್ಲ. ಸುಳ್ಳು ಶಿರೋಲೇಖ ಮತ್ತು ದಾರಿತಪ್ಪಿಸುವ ವಿಷಯ ಸಾಲನ್ನು ಅದು ನಿರ್ಬಂಧಿಸುತ್ತದೆ. ಬೇಡವೆಂದವರಿಗೆ 10 ಕೆಲಸದ ದಿನಗಳೊಳಗೆ ಸಂದೇಶ ನಿಲ್ಲಿಸಬೇಕೆಂದು ಹೇಳುತ್ತದೆ. ಐರೋಪ್ಯ ಒಕ್ಕೂಟದ 2002ರ ನಿರ್ದೇಶನವು ಸಾಮಾನ್ಯವಾಗಿ ಮುಂಚಿತ ಒಪ್ಪಿಗೆಯನ್ನು ಬಯಸುತ್ತದೆ. 2014ರ ಜುಲೈನಲ್ಲಿ ಜಾರಿಗೆ ಬಂದ ಕೆನಡಾದ ಕಾನೂನೂ ಒಪ್ಪಿಗೆಯನ್ನು ಆಧರಿಸಿದೆ.

ಭಾರತದಲ್ಲಿ ಮಿಂಚಂಚೆ ಸ್ಪ್ಯಾಮ್‌ಗೆಂದೇ ಮೀಸಲಾದ ಕಾಯ್ದೆ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ಕ್ಕೆ 2008ರ ತಿದ್ದುಪಡಿಯಿಂದ ಸೇರಿದ 66ಎ ಕಲಮಿನ ಒಂದು ಉಪಖಂಡವು, ಕಿರಿಕಿರಿ ಉಂಟುಮಾಡುವ ಅಥವಾ ತನ್ನ ಮೂಲದ ಬಗ್ಗೆ ದಾರಿತಪ್ಪಿಸುವ ಮಿಂಚಂಚೆಯನ್ನು ಅಪರಾಧವೆಂದು ಪರಿಗಣಿಸಿತ್ತು. ವಾಕ್ ಸ್ವಾತಂತ್ರ್ಯದ ಉಲ್ಲಂಘನೆಯೆಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಇಡೀ ಕಲಮನ್ನು ರದ್ದುಗೊಳಿಸಿದಾಗ ಈ ಉಪಖಂಡವೂ ಹೋಯಿತು.

ವಂಚನೆಯ ಸಂದೇಶಗಳಿಗೆ ಇತರ ಕಲಮುಗಳು ಅನ್ವಯಿಸುತ್ತವೆ. 66ಸಿ ಕಲಮು ಪಾಸ್‌ವರ್ಡ್ ಮುಂತಾದ ಗುರುತಿನ ದುರ್ಬಳಕೆಗೂ, 66ಡಿ ಕಲಮು ಕಂಪ್ಯೂಟರ್ ಸಾಧನದ ಮೂಲಕ ಬೇರೊಬ್ಬರ ಸೋಗಿನಲ್ಲಿ ಮಾಡುವ ವಂಚನೆಗೂ 3 ವರ್ಷಗಳವರೆಗಿನ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸುತ್ತವೆ. ಈ ಕಲಮುಗಳು ಬರುವ ಮುನ್ನ, 2005ರಲ್ಲಿ, ನಾಸ್ಕಾಂ ಸಂಸ್ಥೆಯ ಹೆಸರನ್ನು ಬಳಸಿ ಮಿಂಚಂಚೆ ಕಳುಹಿಸಿದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಫಿಶಿಂಗ್‌ಗೆ ಪ್ರತ್ಯೇಕ ಕಾನೂನಿಲ್ಲದಿದ್ದರೂ ಅದು ಕಾನೂನುಬಾಹಿರ ಕೃತ್ಯವೆಂದು ಹೇಳಿತ್ತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023 ಒಪ್ಪಿಗೆಯನ್ನು ವೈಯಕ್ತಿಕ ಮಾಹಿತಿ ಬಳಕೆಯ ಪ್ರಧಾನ ಆಧಾರವನ್ನಾಗಿಸಿದೆ.

## ಮಿತಿಗಳು

ಒಬ್ಬರ ವರದಿಯಿಂದ ಸ್ಪ್ಯಾಮ್ ನಿಲ್ಲುವುದು ಅಪರೂಪ. ಸ್ಪ್ಯಾಮರ್ ಒಂದು ದೇಶದಲ್ಲಿ, ಸರ್ವರ್ ಇನ್ನೊಂದರಲ್ಲಿ, ಹಣ ಸೇರುವ ಖಾತೆ ಮತ್ತೊಂದರಲ್ಲಿ ಇರುವುದರಿಂದ ತನಿಖೆಗೆ ಹಲವು ದೇಶಗಳ ಸಹಕಾರ ಬೇಕಾಗುತ್ತದೆ. ಶಿರೋಲೇಖದ ಐಪಿ ವಿಳಾಸ ಸೋಂಕಿತ ಕಂಪ್ಯೂಟರಿನದಾಗಿದ್ದರೆ ಅದರ ಮಾಲೀಕರೂ ಸ್ವತಃ ಬಲಿಪಶುವೇ. ಆದಾಗ್ಯೂ ವರದಿಗಳ ಒಟ್ಟು ಮೊತ್ತದಿಂದಲೇ ಫಿಲ್ಟರ್‌ಗಳು ಕಲಿಯುತ್ತವೆ, ತಡೆಪಟ್ಟಿಗಳು ಬೆಳೆಯುತ್ತವೆ ಮತ್ತು ನಕಲಿ ಪುಟಗಳು ತೆಗೆಯಲ್ಪಡುತ್ತವೆ.

## ಇವನ್ನೂ ನೋಡಿ

* ಮಿಂಚಂಚೆ
* ಫಿಶಿಂಗ್
* ಬಾಟ್‌ನೆಟ್
* ಕಂಪ್ಯೂಟರ್ ವೈರಸ್
* ಮಾಹಿತಿ ತಂತ್ರಜ್ಞಾನ ಕಾಯ್ದೆ 2000